ಬೊಜ್ಜಿನ ಮಧುಮೇಹದಲ್ಲಿ ಬ್ಯಾಕ್ಟೀರಿಯಾ ಮತ್ತು ವಿಟಮಿನ್: ಒಂದು ಅಧ್ಯಯನ ಟಿಪ್ಪಣಿ

ಬೊಜ್ಜಿನೊಂದಿಗೆ ಬರುವ ಟೈಪ್ 2 ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯು ಬಹುಕಾಲ ಸಾಕಷ್ಟು, ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚೇ, ಇನ್ಸುಲಿನ್ ಸ್ರವಿಸುತ್ತಿರುತ್ತದೆ; ಯಕೃತ್ತು, ಸ್ನಾಯು ಮತ್ತು ಕೊಬ್ಬಿನ ಅಂಗಾಂಶಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಈ ಇನ್ಸುಲಿನ್ ಪ್ರತಿರೋಧದ ಜೊತೆಗೆ ಜ್ವರವನ್ನೂ ನೋವನ್ನೂ ತೋರದ ಮಂದ ಉರಿಯೂತವೊಂದು ಇರುತ್ತದೆ ಎಂಬುದು 1990ರ ದಶಕದಿಂದಲೇ ಸ್ಪಷ್ಟವಾಗತೊಡಗಿತ್ತು. ಅದನ್ನು ಹೊತ್ತಿಸುವುದು ಯಾವುದು ಎಂಬ ಪ್ರಶ್ನೆ ಹಲವು ಸಂಶೋಧಕರನ್ನು ಕರುಳಿನತ್ತ ಕರೆತಂದಿತು.

ಬೆಲ್ಜಿಯಂನ ಸಂಶೋಧಕ ಪ್ಯಾಟ್ರಿಸ್ ಕಾನಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗವನ್ನು ಇಲ್ಲಿ ನಿಧಾನವಾಗಿ ಓದಿಕೊಳ್ಳಬೇಕು. ಕರುಳಿನಲ್ಲೂ ಇರುವ ಗ್ರಾಂ ನೆಗೆಟಿವ್ ಎಂಬ ವರ್ಗದ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ಅಣುವಿರುತ್ತದೆ. ನಾಲ್ಕು ವಾರ ಹೆಚ್ಚು ಕೊಬ್ಬಿನ ಆಹಾರ ತಿಂದ ಇಲಿಗಳ ರಕ್ತದಲ್ಲಿ ಅದರ ಪ್ರಮಾಣ ಎರಡು ಮೂರು ಪಟ್ಟು ಏರಿತು. ಇಷ್ಟರಿಂದಲೇ ಅದು ಕಾರಣವೆಂದು ಹೇಳಲಾಗದು. ಕೊಬ್ಬು ತಿಂದ ಇಲಿಯಲ್ಲಿ ಬದಲಾಗುವ ಸಂಗತಿಗಳು ನೂರಾರು. ಆದ್ದರಿಂದ ಅವರು ಸಾಮಾನ್ಯ ಆಹಾರ ತಿನ್ನುತ್ತಿದ್ದ ಇಲಿಗಳ ಚರ್ಮದಡಿಗೆ ನಾಲ್ಕು ವಾರ ಎಡೆಬಿಡದೆ ಅದೇ ಅಣುವನ್ನು ಅಲ್ಪ ಪ್ರಮಾಣದಲ್ಲಿ ಹರಿಯಬಿಟ್ಟರು. ಕೊಬ್ಬಿನ ಆಹಾರವಿಲ್ಲದೆಯೇ ಉಪವಾಸದ ಸಕ್ಕರೆ, ಇನ್ಸುಲಿನ್ ಮತ್ತು ತೂಕ ಏರಿದವು. ಆ ಅಣುವನ್ನು ಗುರುತಿಸುವ ಸಿಡಿ14 ಗ್ರಾಹಕವೇ ಇಲ್ಲದ ಇಲಿಗಳು ಈ ಪರಿಣಾಮದಿಂದ ಬಹುಮಟ್ಟಿಗೆ ಪಾರಾದವು. ಕೊಟ್ಟಾಗ ರೋಗಲಕ್ಷಣ ಕಾಣಿಸಿಕೊಳ್ಳುವುದು, ದಾರಿ ಮುಚ್ಚಿದಾಗ ಅದು ತಗ್ಗುವುದು, ಇವೆರಡನ್ನೂ ತೋರಿಸಿದ್ದೇ ಈ ಪ್ರಯೋಗದ ಬಲ.

ಹಾಗಾದರೆ ರಕ್ಷಕ ಬ್ಯಾಕ್ಟೀರಿಯಾ ಎಂದರೆ ಕರುಳಿನ ಗೋಡೆಯನ್ನು ಭದ್ರವಾಗಿಟ್ಟು ಈ ಅಣು ಕರುಳಿನಿಂದ ರಕ್ತಕ್ಕೆ ಸೋರುವುದನ್ನು ತಡೆಯುವಂಥದ್ದು ಎಂದಾಯಿತು. ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ ಬೇರ್ಪಡಿಸಿ 2004ರಲ್ಲಿ ವರ್ಣಿಸಲಾದ ಅಕ್ಕರ್ಮಾನ್ಸಿಯಾ ಮ್ಯೂಸಿನಿಫಿಲಾ ಕರುಳಿನ ಲೋಳೆಯನ್ನೇ ಉಂಡು ಬದುಕುತ್ತದೆ. ಲೋಳೆ ತಿನ್ನುವ ಜೀವಿ ಗೋಡೆಯನ್ನು ಕಾಯುತ್ತದೆಂಬುದು ಮೊದಲ ಓದಿಗೆ ವಿಚಿತ್ರವೆನಿಸಿದರೂ, 2013ರಲ್ಲಿ ಬೆಲ್ಜಿಯಂನ ತಂಡ ಜೀವಂತ ಬ್ಯಾಕ್ಟೀರಿಯಾ ಕೊಟ್ಟ ಇಲಿಗಳಲ್ಲಿ ಲೋಳೆಪದರ ಮತ್ತೆ ದಪ್ಪವಾದದ್ದನ್ನೂ ಇನ್ಸುಲಿನ್ ಪ್ರತಿರೋಧ ತಗ್ಗಿದ್ದನ್ನೂ ಕಂಡಿತು. ಹೆಚ್ಚಿನ ಶಾಖದಲ್ಲಿ ಕೊಂದ ಬ್ಯಾಕ್ಟೀರಿಯಾ ಆಗ ಕೆಲಸ ಮಾಡಲಿಲ್ಲ. ಆದರೆ 2017ರಲ್ಲಿ ಅದೇ ಬ್ಯಾಕ್ಟೀರಿಯಾವನ್ನು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಪಾಶ್ಚರೀಕರಿಸಿ ಕೊಟ್ಟಾಗ ಜೀವಂತ ರೂಪಕ್ಕಿಂತಲೂ ಉತ್ತಮ ಫಲ ದೊರೆಯಿತು. ಹೊರಪೊರೆಯ ಅಮುಕ್-1100 ಎಂಬ ಪ್ರೋಟೀನ್ ಆ ಶಾಖದಲ್ಲಿ ಕೆಡದೆ ಉಳಿಯುತ್ತದೆ. ಬ್ಯಾಕ್ಟೀರಿಯಾ ಬದುಕಿರಲೇಬೇಕೆಂಬ ನಿಯಮ ಇಲ್ಲಿ ಸಡಿಲವಾಯಿತು. ಮನುಷ್ಯರ ಮೇಲಿನ ಮೊದಲ ಪರೀಕ್ಷೆಯನ್ನು (2019) ಪೂರ್ಣಗೊಳಿಸಿದವರು 32 ಮಂದಿ ಮಾತ್ರ. ಮೂರು ತಿಂಗಳು ಪಾಶ್ಚರೀಕರಿಸಿದ ರೂಪ ಸೇವಿಸಿದವರಲ್ಲಿ ಪ್ಲಸೀಬೊ (ಔಷಧವಿಲ್ಲದ ಹುಸಿಮಾತ್ರೆ) ಗುಂಪಿಗಿಂತ ಇನ್ಸುಲಿನ್ ಸಂವೇದನೆ ಸುಧಾರಿಸಿತು, ಒಟ್ಟು ಕೊಲೆಸ್ಟರಾಲ್ ಇಳಿಯಿತು. ತೂಕದ ಇಳಿಕೆ ಸಂಖ್ಯಾಶಾಸ್ತ್ರೀಯವಾಗಿ ನಿಲ್ಲುವಷ್ಟಿರಲಿಲ್ಲ. ನನ್ನ ಮಟ್ಟಿಗೆ ಇದು ಭರವಸೆಯ ಆರಂಭ, ಚಿಕಿತ್ಸೆಗೆ ಆಧಾರವಲ್ಲ.

ಅಕ್ಕರ್ಮಾನ್ಸಿಯಾ ಕರುಳಿನ ನಿವಾಸಿ, ಅಡುಗೆಮನೆಯದಲ್ಲ. ಆಹಾರದ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಇರಾನಿನ ಒಂದು ಪ್ರಯೋಗವನ್ನು (2012) ಪದೇ ಪದೇ ಉಲ್ಲೇಖಿಸಲಾಗುತ್ತದೆ: ಟೈಪ್ 2 ಮಧುಮೇಹದ 64 ಮಂದಿ ಆರು ವಾರ ದಿನಕ್ಕೆ 300 ಗ್ರಾಂ ಮೊಸರು ತಿಂದರು, ಲ್ಯಾಕ್ಟೊಬ್ಯಾಸಿಲಸ್ ಅಸಿಡೊಫಿಲಸ್ ಮತ್ತು ಬಿಫಿಡೊಬ್ಯಾಕ್ಟೀರಿಯಂನ ಆಯ್ದ ತಳಿಗಳಿದ್ದ ಮೊಸರಿನ ಗುಂಪಿನಲ್ಲಿ, ಸಾಧಾರಣ ಮೊಸರಿನ ಗುಂಪಿಗಿಂತ, ಉಪವಾಸದ ಸಕ್ಕರೆ ಕಡಿಮೆಯಾಯಿತು. ಹೋಲಿಕೆಯ ಗುಂಪು ತಿಂದದ್ದೂ ಮೊಸರೇ ಎಂಬುದನ್ನು ಮರೆಯಬಾರದು. ನಮ್ಮ ಮನೆಯಲ್ಲಿ ನೆನ್ನೆಯ ಹೆಪ್ಪಿನಿಂದ ಇಂದಿನ ಮೊಸರಾಗುವಾಗ ಅದರಲ್ಲಿ ಯಾವ ತಳಿ ಎಷ್ಟಿದೆ ಎಂಬುದು ಗೊತ್ತಿರುವುದಿಲ್ಲವಾದ್ದರಿಂದ, ಈ ಫಲಿತಾಂಶವನ್ನು ಅದಕ್ಕೆ ನೇರವಾಗಿ ಅನ್ವಯಿಸಲಾಗದು.

ವಿಟಮಿನ್‌ಗಳಲ್ಲಿ ಡಿ ಕುರಿತು ಬೇಗ ಹೇಳಿಬಿಡಬಹುದು. ಸ್ಥೂಲಕಾಯರ ರಕ್ತದಲ್ಲಿ ಇದು ಕಡಿಮೆಯಿರುತ್ತದೆ. ಕೊಬ್ಬಿನಲ್ಲಿ ಕರಗುವ ಈ ವಿಟಮಿನ್ ಕೊಬ್ಬಿನ ಅಂಗಾಂಶದಲ್ಲೇ ಸಿಕ್ಕಿಕೊಳ್ಳುವುದು ಅದಕ್ಕೆ ಒಂದು ಕಾರಣ. ಅಂದರೆ ಕೊರತೆಯು ಬೊಜ್ಜಿನ ಪರಿಣಾಮವೂ ಆಗಿರಬಹುದು. ಅಮೆರಿಕದಲ್ಲಿ ಮಧುಮೇಹದ ಪೂರ್ವಾವಸ್ಥೆಯಲ್ಲಿದ್ದ 2,423 ಮಂದಿಯನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಡಿ2ಡಿ ಪ್ರಯೋಗದಲ್ಲಿ ದಿನಕ್ಕೆ 4,000 ಯೂನಿಟ್ ಕೊಟ್ಟರೂ ಮಧುಮೇಹದ ಅಪಾಯ ಗಣನೀಯವಾಗಿ ಇಳಿಯಲಿಲ್ಲ.

ಬಿ12ರ ಕಥೆ ನಮಗೆ ಹತ್ತಿರದ್ದು. ಪ್ರಕೃತಿಯಲ್ಲಿ ಇದನ್ನು ತಯಾರಿಸಬಲ್ಲವು ಬ್ಯಾಕ್ಟೀರಿಯಾ ಮತ್ತು ಅವುಗಳಂತೆಯೇ ಏಕಕೋಶದ ಸೂಕ್ಷ್ಮಜೀವಿಗಳಾದ ಆರ್ಕಿಯಾಗಳು ಮಾತ್ರ. ಸಸ್ಯಾಹಾರಿಗಳಿಗೆ ಇದರ ಮುಖ್ಯ ಮೂಲ ಹಾಲು ಮೊಸರು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ನಡೆದ ಪಾರ್ಥೆನಾನ್ ಅಧ್ಯಯನವು 785 ಗರ್ಭಿಣಿಯರಲ್ಲಿ 43% ಮಂದಿಗೆ ಬಿ12 ಕೊರತೆಯಿರುವುದನ್ನು 2009ರಲ್ಲಿ ವರದಿ ಮಾಡಿತು. ಕೊರತೆಯಿದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹ 8.7%, ಇಲ್ಲದವರಲ್ಲಿ 4.6%. ಆದರೆ ಕೊರತೆಯಿದ್ದವರ ದೇಹದ ತೂಕವೂ ಹೆಚ್ಚಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಂಬಂಧ ದುರ್ಬಲವಾಯಿತು. ಕೊರತೆಯಿದ್ದವರಲ್ಲೇ ಫೋಲೇಟ್ (ಇನ್ನೊಂದು ಬಿ ವಿಟಮಿನ್) ಹೆಚ್ಚಿದ್ದಷ್ಟೂ ಈ ಮಧುಮೇಹ ಹೆಚ್ಚು ಕಂಡುಬಂದದ್ದು ಇನ್ನೊಂದು ಗಮನಾರ್ಹ ಅಂಶ. ಪುಣೆಯ ತಾಯಿ ಮಕ್ಕಳ ಅಧ್ಯಯನದಲ್ಲೂ ಇದೇ ಜೋಡಿ, ಅಂದರೆ ತಾಯಿಯ ಕಡಿಮೆ ಬಿ12 ಮತ್ತು ಹೆಚ್ಚಿನ ಫೋಲೇಟ್, ಆರು ವರ್ಷದ ಮಕ್ಕಳ ಇನ್ಸುಲಿನ್ ಪ್ರತಿರೋಧದೊಂದಿಗೆ ಕಾಣಿಸಿಕೊಂಡಿತ್ತು. ಎರಡು ಊರುಗಳಲ್ಲಿ ಮರುಕಳಿಸಿದರೂ ಇವು ವೀಕ್ಷಣೆಗಳೇ; ಒಂದು ವಿಟಮಿನ್ ಅನ್ನು ಮಾತ್ರ ಹಿಡಿದು ಮಾಡುವ ಲೆಕ್ಕ ಸಾಲದೆಂಬ ಎಚ್ಚರಿಕೆಯನ್ನಂತೂ ಕೊಡುತ್ತವೆ.

ಮಧುಮೇಹ ಬಂದಮೇಲೂ ಬಿ12 ಮುಖ್ಯವೇ. ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಸಣ್ಣಕರುಳಿನ ಕೊನೆಯ ಭಾಗದಲ್ಲಿ ನಡೆಯುವ ಬಿ12 ಹೀರಿಕೆ ಕುಂದುತ್ತದೆ. ಕೊರತೆಯಿಂದ ಕಾಲು ಜೋಮು ಹಿಡಿದು ಉರಿಯುವುದು ಮಧುಮೇಹದ ನರಹಾನಿಯಂತೆಯೇ ಇರುವುದರಿಂದ, ಸಕ್ಕರೆಯೇ ಕಾರಣವೆಂದು ತೀರ್ಮಾನಿಸುವ ಮೊದಲು ರಕ್ತದ ಬಿ12 ಮಟ್ಟವನ್ನು ಪರೀಕ್ಷಿಸಬೇಕಾಗುತ್ತದೆ.