ಪದ ಪರಿಚಯ: ಗೋಲ್ಡನ್ ಅವರ್

ಕೆಂಪು ಸೂರ್ಯ, ಕಪ್ಪಾದ ತೆಂಗಿನ ಮರ, ನಡುವೆ ಒಂದು ದೋಣಿ. ಕೆಳಗೆ ‘ಗೋಲ್ಡನ್ ಅವರ್’ ಎಂಬ ಒಕ್ಕಣೆ. ಇನ್ನೊಂದು ಚಿತ್ರದಲ್ಲಿ ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆಗಿದೆ, ಆಕಾಶವೆಲ್ಲ ನೇರಳೆ. ಅದೂ ‘ಗೋಲ್ಡನ್ ಅವರ್’. ಮೊನ್ನೆ ಕಣ್ಣಿಗೆ ಬಿದ್ದ ಕಡಲತೀರದ ಚಿತ್ರವೊಂದಕ್ಕಂತೂ ‘ಗೋಲ್ಡನ್ ಅವರ್, ಅಂದರೆ ನಮ್ಮ ಗೋಧೂಳಿ’ ಎಂದು ವಿವರಣೆ ಬೇರೆ. ಇನ್ನು ಸುಮ್ಮನಿರುವುದು ಕಷ್ಟ.

ಸಂಜೆ ಚೆಂದ ಕಂಡದ್ದಕ್ಕೆಲ್ಲ ಇಡುವ ಹೆಸರಲ್ಲ ಇದು. ಸೂರ್ಯ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಎಂಬುದರ ಮೇಲೆ ನಿಂತ ಪದ. ಛಾಯಾಗ್ರಾಹಕರು ಬಳಸುವ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ದಿಗಂತಕ್ಕಿಂತ 6 ಡಿಗ್ರಿ ಮೇಲಿನಿಂದ 4 ಡಿಗ್ರಿ ಕೆಳಗಿನವರೆಗಿನ ಹೊತ್ತನ್ನು ಹೀಗೆ ಗುರುತಿಸುತ್ತಾರೆ. ಕೈ ನೀಡಿ ಹಿಡಿದರೆ ಮೂರು ಬೆರಳಿನ ಅಗಲ ಸುಮಾರು 5 ಡಿಗ್ರಿ. ಅಂದಾಜಿಗೆ ಅಷ್ಟು ಸಾಕು. ಆ ಹತ್ತು ಡಿಗ್ರಿ ಇಳಿಯಲು ನಮ್ಮ ಕರಾವಳಿಯಲ್ಲಿ ಸೂರ್ಯನಿಗೆ 40ರಿಂದ 45 ನಿಮಿಷ ಬೇಕು. ಲಂಡನ್ನಿನ ಜೂನ್ ತಿಂಗಳಲ್ಲಿ ಅದೇ ಇಳಿತ ಒಂದೂಕಾಲು ಗಂಟೆ ದಾಟುತ್ತದೆ, ಏಕೆಂದರೆ ಅಲ್ಲಿ ಸೂರ್ಯ ಹೆಚ್ಚು ಓರೆಯಾಗಿ ಮುಳುಗುತ್ತಾನೆ. ‘ಅವರ್’ ಎಂಬುದನ್ನು ನಂಬಿ ಆರಾಮಾಗಿ ಚಹಾ ಕುಡಿಯುತ್ತ ಕೂತವರಿಗೆ ನಮ್ಮಲ್ಲಿ ಸಿಗುವುದು ತಳದ ಚೂರು.

ಕೆಲವರು ಇದನ್ನು ‘ಸುವರ್ಣ ಗಂಟೆ’ ಎನ್ನುತ್ತಾರೆ. ಚಿನ್ನದ ಗಂಟೆ ದೇವಸ್ಥಾನದಲ್ಲಿ ತೂಗುಹಾಕುವ ವಸ್ತು. ಗಡಿಯಾರದ ಗಂಟೆಯೇ ಎಂದುಕೊಂಡರೂ ತಪ್ಪುವುದು ಅಲ್ಲಿಯೇ: ಇದು ಅರವತ್ತು ನಿಮಿಷದ ಲೆಕ್ಕವಲ್ಲ. ನಮ್ಮಲ್ಲಿ ‘ಹೊತ್ತು’ ಎಂಬ ಪದ ಇರುವಾಗ ಗಂಟೆ ಏಕೆ? ಹಳಗನ್ನಡದ ‘ಪೊೞ್ತು’ ಮುಂದೆ ‘ಹೊತ್ತು’ ಆಯಿತು. ತಮಿಳಿನ ‘ಪೊೞುದು’ ಅದರ ಒಡಹುಟ್ಟು. ಹೊತ್ತು ಎಂದರೆ ಸಮಯವೂ ಹೌದು, ಸೂರ್ಯನೂ ಹೌದು. ‘ಹೊತ್ತಾಯಿತು, ಏಳು’ ಎಂಬಲ್ಲಿ ಸಮಯ. ‘ಹೊತ್ತು ಹುಟ್ಟಿತು’, ‘ಹೊತ್ತು ಮುಳುಗಿತು’ ಎಂಬಲ್ಲಿ ಸಾಕ್ಷಾತ್ ಸೂರ್ಯ. ‘ಹೊತ್ತು ಮಾರುದ್ದ ಏರಿದೆ’ ಎನ್ನುವ ಹಿರಿಯರು ಗಡಿಯಾರ ನೋಡಿ ಹೇಳುತ್ತಿರಲಿಲ್ಲ, ಎತ್ತರ ನೋಡಿ ಹೇಳುತ್ತಿದ್ದರು. ಡಿಗ್ರಿಯ ಬದಲು ಮಾರು, ಅಷ್ಟೇ. ಕನ್ನಡದಲ್ಲೇ ಹೇಳಬೇಕೆಂಬ ಹಟ ಇದ್ದರೆ ‘ಹೊನ್ನ ಹೊತ್ತು’ ಎನ್ನಿ. ಇಲ್ಲವೇ ಗೋಲ್ಡನ್ ಅವರ್ ಎಂದೇ ಇರಲಿ, ನನಗೇನೂ ತಕರಾರಿಲ್ಲ. (ಅಪಘಾತದ ಸುದ್ದಿಗಳಲ್ಲಿ ಬರುವ ಗೋಲ್ಡನ್ ಅವರ್ ಬೇರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ ಅದು ಗಾಯವಾದ ಮೇಲಿನ ಹೊತ್ತು, ನಿಜಕ್ಕೂ ಒಂದು ಗಂಟೆ.)

ಇನ್ನು ಗೋಧೂಳಿ. ಮೇವಿಗೆ ಹೋದ ದನಗಳು ಹಟ್ಟಿಗೆ ಮರಳುವಾಗ ಗೊರಸಿನಿಂದ ಏಳುವ ಧೂಳು, ಅದು ಏಳುವ ವೇಳೆ. ಲಗ್ನಪತ್ರಿಕೆಗಳಲ್ಲಿ ಗೋಧೂಳಿ ಲಗ್ನವಾಗಿ, ಉತ್ತರ ಕರ್ನಾಟಕದ ಕಡೆ ಗೋರಜ ಮುಹೂರ್ತವಾಗಿ ಇಂದಿಗೂ ಬದುಕಿದೆ; ರಜ ಎಂದರೂ ಧೂಳೇ. ಬಯಲುಸೀಮೆಯ ಊರಿನ ದಾರಿಗೆ ಹೇಳಿ ಮಾಡಿಸಿದ ಪದ. ಕಡಲಿಗೆ ಏಕೆ ತಂದು ಹಚ್ಚಬೇಕು? ಗೋಕರ್ಣದ ದಂಡೆಯಲ್ಲಿ ದನಗಳೇನೋ ಮಲಗಿರುತ್ತವೆ, ಒದ್ದೆ ಮರಳಲ್ಲಿ ಧೂಳು ಏಳಬೇಕಲ್ಲ! ಧೂಳಿದ್ದರೇ ಸೂರ್ಯಾಸ್ತಕ್ಕೆ ಬಣ್ಣ ಎಂಬ ನಂಬಿಕೆಯೂ ಇದರ ಜೊತೆಗೇ ಅಂಟಿಕೊಂಡಿದೆ. ದಿಗಂತದಲ್ಲಿರುವ ಸೂರ್ಯನ ಬೆಳಕು ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸುಮಾರು 38 ಪಟ್ಟು ಗಾಳಿಯನ್ನು ಹಾದು ಬರುತ್ತದೆ. ನೀಲಿ ದಾರಿಯಲ್ಲೇ ಚದುರಿಹೋಗಿ ಕೆಂಪು-ಹಳದಿ ಉಳಿಯುತ್ತವೆ. ಆ ಕೆಲಸಕ್ಕೆ ಗಾಳಿಯ ಅಣುಗಳೇ ಸಾಕು. ನೆಲಮಟ್ಟದ ದಪ್ಪ ಧೂಳು ಬಣ್ಣವನ್ನು ಮಂಕು ಮಾಡುತ್ತದೆ. ಮಳೆ ತೊಳೆದು ಹೋದ ಮರುದಿನದ ಸಂಜೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ತಲೆಕೆಡಿಸುವ ಗೊಂದಲ ಬೇರೆ: ಸೂರ್ಯನ ಚಿತ್ರವನ್ನೇ ಗೋಲ್ಡನ್ ಅವರ್ ಚಿತ್ರ ಎಂದುಕೊಳ್ಳುವುದು. ಚಿನ್ನ ಇರುವುದು ಆ ಬೆಳಕು ಯಾವುದರ ಮೇಲೆ ಬೀಳುತ್ತದೋ ಅದರಲ್ಲಿ. ಕುಂದಾಪುರದ ಆಚೆ ಮರವಂತೆಯಲ್ಲಿ ಇದನ್ನು ನಿಂತಲ್ಲೇ ನೋಡಬಹುದು. ಹೆದ್ದಾರಿ 66ರ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ನದಿ. ಸಂಜೆ ಅಲ್ಲಿ ಇಳಿದವರೆಲ್ಲ ಕಡಲ ಕಡೆಗೇ ಫೋನ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ಅವರ ಬೆನ್ನ ಹಿಂದೆ, ನದಿಯಾಚೆಯ ತೆಂಗಿನ ಸಾಲು ಕಾಂಡದ ಬಳೆಬಳೆ ಗುರುತೂ ಎದ್ದು ಕಾಣುವಂತೆ ಬೆಳಗುತ್ತಿರುತ್ತದೆ. ಸೂರ್ಯ ತೀರ ಕೆಳಗಿಳಿದಾಗ ರಸ್ತೆಯ ಏರಿಯ ನೆರಳು ಹತ್ತಿರದ ನೀರಿನ ಮೇಲೆ ಬೀಳುತ್ತದೆ, ಆಚೆ ದಡಕ್ಕೆ ಮಾತ್ರ ಇನ್ನೂ ಬಿಸಿಲು. ಕಪ್ಪುಗಟ್ಟಿದ ಆ ನೀರಿನಲ್ಲಿ ಹೊಂಬಣ್ಣದ ಪ್ರತಿಬಿಂಬ ಎಷ್ಟು ಗಾಢವಾಗಿರುತ್ತದೆ ಎಂದರೆ ಆ್ಯಪ್‌ನಲ್ಲಿ ಬಣ್ಣ ಎಳೆಯುವ ಪ್ರಸಂಗವೇ ಬರುವುದಿಲ್ಲ. ಕಡಲ ಕಡೆ ತಿರುಗಿ ತೆಗೆದದ್ದು ಸೂರ್ಯಾಸ್ತದ ಚಿತ್ರ. ಅದರ ಮುಂದಿನ ಕಪ್ಪು ಮರ ಸಿಲೂಯೆಟ್. ಎರಡೂ ಒಳ್ಳೆಯವೇ, ಹೆಸರು ಸರಿಯಾಗಿರಲಿ.

ಬಣ್ಣ ಎಳೆಯುವ ಮಾತು ಬಂತು. ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ತಾನೇ ಬಣ್ಣ ಹೊಂದಿಸುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್‌ಗೆ ಹಳದಿ ಬೆಳಕು ಕಂಡರೆ ತಿದ್ದುವ ಚಪಲ. ಅದು ಚಿನ್ನವನ್ನು ತೊಳೆದು ಬೂದಿ ಮಾಡಿಕೊಡುತ್ತದೆ, ಆಮೇಲೆ ಚಿತ್ರ ತೆಗೆದವರು ಸ್ಯಾಚುರೇಷನ್ (ಬಣ್ಣದ ಗಾಢತೆ) ಎಳೆದು ಕಿತ್ತಳೆ ಪೇಂಟ್ ಬಳಿಯುತ್ತಾರೆ. ಮೊದಲೇ ‘ಡೇಲೈಟ್’ ಅಥವಾ ‘ಕ್ಲೌಡಿ’ಗೆ ಇಟ್ಟರೆ ಮುಗಿಯಿತು. ಸೂರ್ಯನೇ ಫ್ರೇಮಿನಲ್ಲಿದ್ದರೆ ಬೆಳಕು ಅಳೆಯುವ ಮೀಟರ್ ಬೆದರಿ ಇಡೀ ಕಡಲನ್ನು ಡಾಂಬರು ಮಾಡುತ್ತದೆ. ಹಾಗಾಗಿ ಸೂರ್ಯನ ಪಕ್ಕದ ಆಕಾಶಕ್ಕೆ ಮೀಟರ್ ಹಿಡಿದು, ಎಕ್ಸ್‌ಪೋಷರ್ ಲಾಕ್ ಮಾಡಿ (ಅಂದರೆ ಆ ಬೆಳಕಿನ ಅಳತೆಯನ್ನೇ ಹಿಡಿದಿಟ್ಟು), ಆಮೇಲೆ ಫ್ರೇಮ್ ಕಟ್ಟಿ. ನೀರಿನಲ್ಲಿ ಬಣ್ಣ ಬೇಕಿದ್ದರೆ ಕುಕ್ಕರುಗಾಲಲ್ಲಿ ಕೂರಿ. ನೀರನ್ನು ನೇರ ಮೇಲಿಂದ ನೋಡಿದರೆ ನೂರಕ್ಕೆ ಎರಡು ಪಾಲು ಬೆಳಕಷ್ಟೇ ಪ್ರತಿಫಲಿಸುತ್ತದೆ, ನೀರಿನ ಮಟ್ಟದಿಂದ ಹತ್ತು ಡಿಗ್ರಿಯಷ್ಟೇ ಮೇಲಿನ ಓರೆಯಲ್ಲಿ ನೋಡಿದರೆ ಸುಮಾರು ಮೂರರಲ್ಲೊಂದು ಪಾಲು. ನಿಂತು ತೆಗೆದ ಚಿತ್ರದಲ್ಲಿ ಕಾಲಬುಡದ ನೀರು ಏಕೆ ಕೊಳೆಯಾಗಿ ಕಾಣುತ್ತದೆ ಎಂಬುದಕ್ಕೆ ಕಾರಣ ಇಷ್ಟೇ.

ಸೂರ್ಯನ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ನಮ್ಮಲ್ಲಿ ಎರಡೂಕಾಲು ನಿಮಿಷದ ಆಸುಪಾಸು. ಅಂದಹಾಗೆ, ತಾಗಿದಂತೆ ಕಾಣುವಾಗ ನಿಜವಾದ ಸೂರ್ಯ ಆಗಲೇ ದಿಗಂತದ ಕೆಳಗೆ ಹೋಗಿಯಾಗಿರುತ್ತಾನೆ. ಗಾಳಿ ಬೆಳಕನ್ನು ಬಾಗಿಸಿ ತೋರಿಸುವ ಬಿಂಬ ಅದು. ಮುಳುಗಿದ ಮೇಲೆ ಹದಿಮೂರು ಹದಿನಾಲ್ಕು ನಿಮಿಷ ಮಾತ್ರ ಲೆಕ್ಕದ ಪ್ರಕಾರ ಗೋಲ್ಡನ್ ಅವರ್. ನಂತರ ದಿಗಂತದ ಕೆಳಗೆ 6 ಡಿಗ್ರಿಯವರೆಗಿನ ಎಂಟೊಂಬತ್ತು ನಿಮಿಷದ ತುಣುಕಿಗೆ ಬ್ಲೂ ಅವರ್ ಎಂದು ಬೇರೆಯೇ ಹೆಸರಿದೆ, ಅದಕ್ಕೆ ಟ್ರೈಪಾಡ್ ಬೇಕು. ಆ ನೇರಳೆ ಚಿತ್ರದ ಅಡಿಯಲ್ಲಿ ಬರೆಯಬೇಕಾದದ್ದು ಅದನ್ನು, ಇಲ್ಲವೇ ಸುಮ್ಮನೆ ಮುಸ್ಸಂಜೆ ಎಂದು.