ಮೊಟ್ಟೆಯ ಹಳದಿಯಲ್ಲೊಂದು ಕತ್ತರಿ

ರಾತ್ರಿ ಫ್ರಿಜ್‌ನಲ್ಲಿಟ್ಟಾಗ ಕ್ರೀಮು ಚಮಚ ಬಿಟ್ಟು ಬೀಳಲೊಲ್ಲದಷ್ಟು ಗಟ್ಟಿಯಿತ್ತು. ಬೆಳಿಗ್ಗೆ ತೆಗೆದು ನೋಡಿದರೆ ಬಟ್ಟಲನ್ನು ಯಾವ ಕಡೆ ಓರೆ ಮಾಡಿದರೆ ಆ ಕಡೆ ಹರಿಯುತ್ತಿದೆ. ಟಾರ್ಟಿನ ಚಿಪ್ಪುಗಳು ಮೇಜಿನ ಮೇಲೆ ಸಾಲಾಗಿ ಕೂತಿದ್ದವು, ಸ್ಟ್ರಾಬೆರಿ ಹೆಚ್ಚಿಟ್ಟಾಗಿತ್ತು, ಮಧ್ಯಾಹ್ನಕ್ಕೆ ನೆಂಟರು. ಅತ್ತಿಗೆ ಹಿಂದಿನಿಂದ ಇಣುಕಿ, "ಹೋಗಲಿ ಬಿಡು, ಕೈಗುಣ ಅನ್ನೋದು ಎಲ್ಲರಿಗೂ ಇರೋದಿಲ್ಲ" ಅಂದರು.

ಈ ಕೈಗುಣ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅಡುಗೆ ಕೆಟ್ಟಾಗ ಕಾರಣ ಹುಡುಕುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿಬಿಡುವ ಮಾತದು. ಚೆನ್ನಾಗಿ ಬಂದರೆ ಕೈಗುಣ, ಕೆಟ್ಟರೂ ಕೈಗುಣ. ಇದರ ಬೆನ್ನಿಗೇ ಇನ್ನಷ್ಟು ಉಪದೇಶಗಳು ಬರುತ್ತವೆ: ಒಂದೇ ದಿಕ್ಕಿಗೆ ತಿರುಗಿಸಬೇಕು, ದಿಕ್ಕು ಬದಲಿಸಿದರೆ ಒಡೆಯುತ್ತದೆ, ಮೊಟ್ಟೆ ಬಿದ್ದ ಮೇಲೆ ಕುದಿಸಲೇಬಾರದು, ನಡುವೆ ಯಾರೂ ಇಣುಕಬಾರದು. ಪಾತ್ರೆಯೊಳಗಿನ ಅಣುಗಳಿಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ. ತಳ ಹಿಡಿಯದಂತೆ ಮೂಲೆ ಮೂಲೆಗೂ ವಿಸ್ಕ್ ಮುಟ್ಟಿದರೆ ಸಾಕು, ಎಂಟರ ಆಕಾರದಲ್ಲಿ ತಿರುಗಿಸಿದರೂ ಆದೀತು. ಇಣುಕುವವರ ವಿಷಯ ಬಿಡಿ. ಆದರೆ 'ಕುದಿಸಬಾರದು' ಅನ್ನುವ ಉಪದೇಶ ಹಾಗೆ ಬಿಡುವಂಥದ್ದಲ್ಲ. ನನ್ನ ಕ್ರೀಮನ್ನು ನೀರು ಮಾಡಿದ್ದೇ ಅದು.

ಮೊದಲು ಸಾಮಾನು ಹೇಳಿಬಿಡುತ್ತೇನೆ. ಅರ್ಧ ಲೀಟರ್ ಹಾಲು, 4 ಮೊಟ್ಟೆಗಳ ಹಳದಿ, 100 ಗ್ರಾಂ ಸಕ್ಕರೆ, 40 ಗ್ರಾಂ ಕಾರ್ನ್‌ಫ್ಲೋರ್, ಕೊನೆಗೆ 50 ಗ್ರಾಂ ಬೆಣ್ಣೆ, ಒಂದಿಷ್ಟು ವೆನಿಲಾ. ಪೇಸ್ಟ್ರಿ ಕ್ರೀಮ್ ಅಂದರೆ ಇಷ್ಟೇ. ಚಿಪ್ಪಿಗೆ ಮೈದಾ, ಅದರ ಅರ್ಧ ತೂಕದ ತಣ್ಣನೆಯ ಬೆಣ್ಣೆ, ಸ್ವಲ್ಪ ಪುಡಿ ಸಕ್ಕರೆ. ಬೆಣ್ಣೆ ಹಿಟ್ಟಿನ ಕಣಗಳಿಗೆ ಸವರಿಕೊಂಡು ನೀರು ತಾಗದಂತೆ ತಡೆಯುವುದರಿಂದ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಹೆಚ್ಚು ಬೆಳೆಯುವುದಿಲ್ಲ, ಚಿಪ್ಪು ಪುಡಿಪುಡಿಯಾಗಿ ಮುರಿಯುತ್ತದೆ. ನಾದಬೇಡಿ, ಲಟ್ಟಿಸಿ ಅಚ್ಚಿಗೆ ಹಾಕಿದ ಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ತಳಕ್ಕೆ ಫೋರ್ಕಿನಿಂದ ಚುಚ್ಚಿ 180 ಡಿಗ್ರಿಯಲ್ಲಿ ಹೊಂಬಣ್ಣ ಬರುವವರೆಗೆ ಬೇಯಿಸಿ. ಚಿಪ್ಪಿನ ಬಗ್ಗೆ ನನಗೆ ಇದಕ್ಕಿಂತ ಹೆಚ್ಚಿನ ಕುತೂಹಲವಿಲ್ಲ. ಕಥೆ ಇರುವುದು ಕ್ರೀಮಿನಲ್ಲಿ.

ಮೊಟ್ಟೆಯ ಹಳದಿಯನ್ನು ಬರೀ ಹಾಲು ಸಕ್ಕರೆಯೊಂದಿಗೆ ಕಾಯಿಸಿದರೆ ಸುಮಾರು 80 ಡಿಗ್ರಿಯ ಆಸುಪಾಸಿನಲ್ಲಿ ಅದು ಗಟ್ಟಿಯಾಗತೊಡಗುತ್ತದೆ, 85 ದಾಟಿದರೆ ಒಡೆದು ಹರಳು ಹರಳಾಗುತ್ತದೆ. ಸುರುಳಿ ಸುತ್ತಿಕೊಂಡಿದ್ದ ಪ್ರೋಟೀನ್ ಅಣುಗಳು ಬಿಸಿಗೆ ಬಿಚ್ಚಿಕೊಂಡು ಒಂದರ ಕೈ ಒಂದು ಹಿಡಿಯುತ್ತವೆ. ಹಿಡಿತ ಅತಿಯಾದರೆ ನಡುವಿನ ನೀರನ್ನೆಲ್ಲ ಹಿಂಡಿ ಹೊರಹಾಕಿ ಗಂಟಾಗುತ್ತವೆ. 'ಕುದಿಸಬಾರದು' ಎಂಬ ಮಾತು ಹುಟ್ಟಿದ್ದು ಇಲ್ಲಿ, ಇಂಥ ಕಸ್ಟರ್ಡಿಗೆ ಅದು ಸರಿಯಾದ ಮಾತೂ ಹೌದು. ಆದರೆ ನಮ್ಮ ಪಾತ್ರೆಯಲ್ಲಿ ಕಾರ್ನ್‌ಫ್ಲೋರ್ ಇದೆ, ಅಂದರೆ ಜೋಳದ ಪಿಷ್ಟ (ಸ್ಟಾರ್ಚ್). ಪಿಷ್ಟದ ಹರಳುಗಳು ತಣ್ಣೀರಿನಲ್ಲಿ ಮರಳಿನಂತೆ ತಳ ಸೇರುತ್ತವೆ. ಬಿಸಿ 60 ದಾಟಿ 70ರ ಕಡೆ ಏರುವಾಗ ನೀರು ಕುಡಿದು ಊದಿಕೊಳ್ಳಲು ಶುರು ಮಾಡುತ್ತವೆ. ಇನ್ನೂ ಬಿಸಿಯಾದರೆ ಒಳಗಿನ ಉದ್ದನೆಯ ಎಳೆಗಳು ಹೊರಗೆ ಜಾರಿ ಸುತ್ತಲಿನ ನೀರಿನಲ್ಲೆಲ್ಲ ಹರಡಿಕೊಳ್ಳುತ್ತವೆ. ಈ ಊದಿದ ಹರಳುಗಳ ಮತ್ತು ಎಳೆಗಳ ಗದ್ದಲದಲ್ಲಿ ಪ್ರೋಟೀನ್ ಅಣುಗಳಿಗೆ ಒಂದನ್ನೊಂದು ಹುಡುಕಿ ಗುಂಪುಗೂಡುವುದು ಕಷ್ಟ. ಹಾಗಾಗಿ ಕಾರ್ನ್‌ಫ್ಲೋರ್ ಇರುವ ಕ್ರೀಮನ್ನು ಕುದಿಸಬಹುದು, ಒಡೆಯುವುದಿಲ್ಲ.

ಕುದಿಸಬಹುದು ಮಾತ್ರವಲ್ಲ, ಕುದಿಸಲೇಬೇಕು. ಆ ರಾತ್ರಿ ನಾನು ಮಾಡಿದ್ದೇನೆಂದರೆ, ಕ್ರೀಮು ದಪ್ಪಗಾಗಿ ನಡುವಿನಲ್ಲಿ ಮೊದಲ ಗುಳ್ಳೆ 'ಗುಳುಕ್' ಅಂದದ್ದೇ ತಡ, ಹೆದರಿ ಒಲೆ ಆರಿಸಿದೆ. ನೋಡಲು ಎಲ್ಲ ಸರಿಯಾಗಿತ್ತು. ವಿಸ್ಕ್ ಎಳೆದರೆ ಗೆರೆ ಹಾಗೇ ಉಳಿಯುತ್ತಿತ್ತು. ಆದರೆ ಹಳದಿಯೊಳಗೆ ಒಂದು ಕತ್ತರಿ ಇನ್ನೂ ಜೀವಂತವಾಗಿತ್ತು.

ಅದರ ಹೆಸರು ಆಲ್ಫಾ-ಅಮೈಲೇಸ್, ಪಿಷ್ಟವನ್ನು ಕತ್ತರಿಸುವ ಕಿಣ್ವ (ಎಂಜೈಮ್). ಕ್ರೀಮು ದಪ್ಪಗಿರುವುದಕ್ಕೆ ಕಾರಣ ಪಿಷ್ಟದ ಎಳೆಗಳ ಉದ್ದ. ಗ್ಲೂಕೋಸ್ ಅಣುಗಳನ್ನು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಸಾಲಾಗಿ ಪೋಣಿಸಿದ ಹಾರಗಳು ಅವು. ಉದ್ದನೆಯ ಹಾರಗಳು ಒಂದಕ್ಕೊಂದು ತೊಡಕಿಕೊಂಡು ನೀರನ್ನು ಅಲುಗದಂತೆ ಹಿಡಿದಿಡುತ್ತವೆ. ಈ ಕಿಣ್ವದ ಚಾಳಿ ಏನೆಂದರೆ, ಅದು ಹಾರವನ್ನು ತುದಿಯಿಂದ ಬಿಡಿಸಿಕೊಂಡು ಬರುವುದಿಲ್ಲ, ನಡುವಿನಲ್ಲಿ ಎಲ್ಲೆಂದರಲ್ಲಿ ಕಚಕ್ಕನೆ ಕತ್ತರಿಸುತ್ತದೆ. ಇದರ ಪರಿಣಾಮ ಎಷ್ಟು ಭೀಕರ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಸಾವಿರ ಮಣಿಗಳ ಒಂದು ಹಾರವಿದೆ ಅಂದುಕೊಳ್ಳಿ. ತುದಿಯಿಂದ ಎರಡೆರಡೇ ಮಣಿ ಕಳಚುವ ಕಿಣ್ವವೂ ಇದೆ, ಬೀಟಾ-ಅಮೈಲೇಸ್ ಎಂದು. ಹಾರ ಅರ್ಧಕ್ಕೆ ಇಳಿಯಬೇಕಾದರೆ ಅದು 250 ಸಲ ಕತ್ತರಿಸಬೇಕು. ಆಲ್ಫಾ ಸರಿಯಾಗಿ ನಡುವಿಗೆ ಒಂದು ಏಟು ಹಾಕಿದರೆ ಮುಗಿಯಿತು.

ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಬಾವಿಗೆ ಇಳಿಬಿಟ್ಟ ಹಗ್ಗದ ತುದಿಯನ್ನು ಇಲಿ ಒಂದು ಗೇಣು ಕಡಿದರೆ ಕೊಡ ಒಂದು ಗೇಣು ಮೇಲೆ ನಿಂತೀತು, ಅಷ್ಟೇ. ಅದೇ ಇಲಿ ನಡುವೆ ಕಡಿದರೆ ಕೊಡ ಬಾವಿಯ ಪಾಲು. ಅಥವಾ ಮೀನಿನ ಬಲೆ ನೆನೆಯಿರಿ. ಅಂಚಿನ ಎಳೆ ಬಿಚ್ಚಿದರೆ ಬಲೆ ಸ್ವಲ್ಪ ಸಣ್ಣದಾಗುತ್ತದೆ; ಮೈತುಂಬ ಅಲ್ಲೊಂದು ಇಲ್ಲೊಂದು ಎಳೆ ತುಂಡಾದರೆ ಬಲೆಯ ದಾರವೆಲ್ಲ ಇದ್ದೂ ಮೀನು ನಿಲ್ಲುವುದಿಲ್ಲ. ನನ್ನ ಬಟ್ಟಲಿನಲ್ಲೂ ಪಿಷ್ಟ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಹಾಕಿದ 40 ಗ್ರಾಮಿನ ದಾರವೂ ಅಲ್ಲೇ ಇತ್ತು, ತುಂಡು ತುಂಡಾಗಿ. ಸಾಲದ್ದಕ್ಕೆ ಈ ಕತ್ತರಿ ಸವೆಯುವುದಿಲ್ಲ. ಒಂದು ಎಳೆ ಕತ್ತರಿಸಿದ ಕಿಣ್ವದ ಅಣು ಬಿಡಿಸಿಕೊಂಡು ಮುಂದಿನ ಎಳೆಗೆ ಹೋಗುತ್ತದೆ. ಫ್ರಿಜ್‌ನ ಚಳಿಯಲ್ಲಿ ಅದರ ಕೈ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಅದಕ್ಕೆ ಇಡೀ ರಾತ್ರಿ ಇತ್ತು.

ಇಲ್ಲಿ ಚುರುಕು ಓದುಗರು ಒಂದು ತಕರಾರು ತೆಗೆಯಬಹುದು. ಬ್ರಿಟನ್ನಿನ 1963ರ ನಿಯಮದ ಪ್ರಕಾರ ಒಡೆದ ಮೊಟ್ಟೆಯನ್ನು 64.4 ಡಿಗ್ರಿಯಲ್ಲಿ ಎರಡೂವರೆ ನಿಮಿಷ ಕಾಯಿಸಿ ಪಾಶ್ಚರೀಕರಿಸಬೇಕಿತ್ತು, ಅದು ಸರಿಯಾಗಿ ಆಗಿದೆಯೇ ಎಂದು ನೋಡುತ್ತಿದ್ದದ್ದು ಇದೇ ಅಮೈಲೇಸ್ ಸತ್ತಿದೆಯೇ ಎಂಬ ಪರೀಕ್ಷೆಯಿಂದ. 64ಕ್ಕೇ ಸಾಯುವ ಕಿಣ್ವ ನನ್ನ ಪಾತ್ರೆಯಲ್ಲಿ ಬದುಕಿದ್ದು ಹೇಗೆ? ಕಾರ್ಖಾನೆಯ ಮೊಟ್ಟೆಯಲ್ಲಿ ಸಕ್ಕರೆ ಇರಲಿಲ್ಲ. ಸಕ್ಕರೆ ಪ್ರೋಟೀನುಗಳಿಗೆ ಕೊಡೆ ಹಿಡಿಯುತ್ತದೆ, ಅವು ಬಿಚ್ಚಿಕೊಳ್ಳಲು ಇನ್ನಷ್ಟು ಬಿಸಿ ಬೇಕಾಗುತ್ತದೆ. ಕಿಣ್ವವೂ ಒಂದು ಪ್ರೋಟೀನೇ. ಜೊತೆಗೆ ದಪ್ಪಗಾದ ಕ್ರೀಮಿನಲ್ಲಿ ಬಿಸಿ ಸಮನಾಗಿ ಹರಡುವುದಿಲ್ಲ. ತಳದಲ್ಲಿ ಗುಳ್ಳೆ ಏಳುತ್ತಿರುವಾಗ ಅಂಚಿನಲ್ಲಿ, ವಿಸ್ಕಿನ ತಂತಿಗಳ ನಡುವೆ ಅಂಟಿಕೊಂಡಿರುವ ಮುದ್ದೆ ಇನ್ನೂ ಎಷ್ಟೋ ಡಿಗ್ರಿ ಹಿಂದಿರುತ್ತದೆ. ಅಲ್ಲಿ ಉಳಿದ ನಾಲ್ಕು ಕತ್ತರಿ ಸಾಕು.

ಈ ಕತ್ತರಿಯ ಪತ್ತೆಯ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1811ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಿರ್ಕಾಫ್ ಎಂಬ ರಸಾಯನ ವಿಜ್ಞಾನಿ ಪಿಷ್ಟವನ್ನು ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಕುದಿಸಿ ಸಕ್ಕರೆ ಮಾಡಿ ತೋರಿಸಿದ್ದ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಆನ್ಸೆಲ್ಮ್ ಪಾಯೆನ್ ಮತ್ತು ಜಾನ್-ಫ್ರಾನ್ಸ್ವಾ ಪೆರ್ಸೊ ಮೊಳಕೆ ಬರಿಸಿದ ಬಾರ್ಲಿಯ ರಸಕ್ಕೆ ಆಲ್ಕೊಹಾಲ್ ಸುರಿದಾಗ ಬಿಳಿಯ ಗಸಿಯೊಂದು ತಳಕ್ಕೆ ಇಳಿಯಿತು. ಆ ಗಸಿ ಆಮ್ಲದ ಸಹಾಯವಿಲ್ಲದೆ ಪಿಷ್ಟವನ್ನು ಕರಗಿಸುತ್ತಿತ್ತು. ಅದಕ್ಕೆ 'ಡಯಾಸ್ಟೇಸ್' ಎಂದು ಹೆಸರಿಟ್ಟರು, ಬೇರ್ಪಡಿಸುವುದು ಎಂಬರ್ಥದ ಗ್ರೀಕ್ ಪದದಿಂದ. ಇಂದು ನಾವು ಹೇಳುವ ಲೈಪೇಸ್, ಪ್ರೋಟಿಯೇಸ್ ಎಲ್ಲದರ ಬಾಲದಲ್ಲಿರುವ 'ಏಸ್' ಈ ಹೆಸರಿನಿಂದಲೇ ಕಡ ತಂದದ್ದು. 'ಎಂಜೈಮ್' ಎಂಬ ಪದ ಬಂದದ್ದು 1870ರ ದಶಕದಲ್ಲಿ, ಜರ್ಮನಿಯ ವಿಜ್ಞಾನಿ ಕ್ಯೂನೆಯಿಂದ. ಗ್ರೀಕಿನಲ್ಲಿ ಅದರರ್ಥ 'ಯೀಸ್ಟಿನೊಳಗೆ'. ನಮ್ಮ 'ಕಿಣ್ವ' ಅದಕ್ಕಿಂತ ಬಹಳ ಹಳೆಯ ಮಾತು, ಸಂಸ್ಕೃತದಲ್ಲಿ ಮದ್ಯ ಹುಳಿಯಲು ಹಾಕುತ್ತಿದ್ದ ಹೆಪ್ಪಿಗೆ ಆ ಹೆಸರಿತ್ತು. ಎರಡು ಭಾಷೆಗಳೂ ಹೆಂಡದ ಗಡಿಗೆಯಿಂದಲೇ ಪದ ಎತ್ತಿಕೊಂಡಿವೆ. (ಇದನ್ನೇ ಹಿಡಿದು 'ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು' ಎಂದು ಸಂದೇಶ ಹರಡಬೇಡಿ. ಹೆಪ್ಪು ಕೆಲಸ ಮಾಡುತ್ತದೆಂದು ಗೊತ್ತಿತ್ತು, ಅಣು ಗೊತ್ತಿರಲಿಲ್ಲ. ಗ್ರೀಕರಿಗೂ ಅಷ್ಟೇ.)

ಆ ಕಾಲದ ದೊಡ್ಡ ದೊಡ್ಡ ವಿಜ್ಞಾನಿಗಳೂ ಹುದುಗುವಿಕೆಗೆ ಜೀವಂತ ಕೋಶವೇ ಬೇಕು, ಅದರೊಳಗೊಂದು ಜೀವಶಕ್ತಿ ಇದೆ ಎಂದು ನಂಬಿದ್ದರು. ಅದು ಪ್ರಯೋಗಾಲಯದ ಕೈಗುಣ ಅನ್ನಿ. 1897ರಲ್ಲಿ ಎಡುವಾರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು ರಸ ಹಿಂಡಿ, ಕೆಡದಿರಲಿ ಎಂದು ಅದಕ್ಕೆ ಸಕ್ಕರೆ ಹಾಕಿಟ್ಟ. ಕೋಶವೊಂದೂ ಉಳಿದಿರದ ಆ ರಸದಲ್ಲಿ ಗುಳ್ಳೆಗಳು ಏಳತೊಡಗಿದವು. 1907ರಲ್ಲಿ ಅವನಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು. ಪ್ರಯೋಗಾಲಯದಿಂದ ಜೀವಶಕ್ತಿ ಹೊರಬಿದ್ದು ನೂರು ವರ್ಷ ಕಳೆಯಿತು, ಅಡುಗೆಮನೆಯಲ್ಲಿ ಮಾತ್ರ ಅದು ಇನ್ನೂ ಬಾಡಿಗೆ ಕೊಡದೆ ಕೂತಿದೆ.

ಮೊಟ್ಟೆಯ ರಗಳೆಯೇ ಬೇಡ ಅನ್ನುವವರಿಗೆ 1837ರಲ್ಲೇ ದಾರಿ ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿಯ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ, ಕಸ್ಟರ್ಡ್ ಬೇಕಿತ್ತು. ಅವನು ಕಾರ್ನ್‌ಫ್ಲೋರಿನಿಂದ ಕಸ್ಟರ್ಡ್ ಪುಡಿ ಮಾಡಿದ. ಅದರಲ್ಲಿ ಹಳದಿ ಬಣ್ಣ ಉಂಟು, ಮೊಟ್ಟೆಯ ಹಳದಿ ಇಲ್ಲ. ಹಾಗಾಗಿ ಕತ್ತರಿಯೂ ಇಲ್ಲ. ಪುಡಿಯ ಕಸ್ಟರ್ಡ್ ಯಾರು ಮಾಡಿದರೂ ಮರುದಿನ ಹಾಗೇ ನಿಂತಿರುವುದು ಇದಕ್ಕೇ. ರುಚಿಯಲ್ಲಿ ಹಳದಿ ಹಾಕಿದ್ದರ ಮುಂದೆ ಅದು ಸಪ್ಪೆ ಎಂಬುದು ನನ್ನ ಹಟ.

ಎರಡನೆಯ ಸಲ ಮಾಡಿದ್ದು ಹೀಗೆ. ಹಳದಿ, ಸಕ್ಕರೆ, ಕಾರ್ನ್‌ಫ್ಲೋರ್ ಮೂರನ್ನೂ ಬಿಳಿಚಿಕೊಳ್ಳುವವರೆಗೆ ಕಡೆದೆ. ಬಿಸಿ ಹಾಲನ್ನು ಸಣ್ಣಗೆ ಸುರಿಯುತ್ತ ಕಲಸಿ ಮತ್ತೆ ಒಲೆಗೆ ಏರಿಸಿದೆ. ಮೊದಲು ನೊರೆ ಅಡಗಿತು. ಆಮೇಲೆ ತಳದಲ್ಲಿ ವಿಸ್ಕಿಗೆ ಏನೋ ಭಾರ ತಗುಲಿದಂತಾಯಿತು, ಹತ್ತು ಸೆಕೆಂಡಿನಲ್ಲಿ ಎಲ್ಲ ಗಂಟುಗಂಟಾದಂತೆ ಕಂಡಿತು. ಗಾಬರಿ ಬೇಡ, ಜೋರಾಗಿ ತಿರುಗಿಸಿದರೆ ನುಣ್ಣಗಾಗುತ್ತದೆ. 'ಗುಳುಕ್' ಶುರುವಾದ ಮೇಲೆ ಗಡಿಯಾರ ನೋಡಿಕೊಂಡು ಎರಡು ನಿಮಿಷ, ಕೈ ನಿಲ್ಲಿಸದೆ, ಅಂಚು ಕೆರೆಯುತ್ತ ಕುದಿಸಿದೆ. ಹಸಿ ಹಿಟ್ಟಿನ ವಾಸನೆ ಹೋಗಿ ಮೈ ಹೊಳೆಯತೊಡಗಿತು. ಒಲೆಯಿಂದ ಇಳಿಸಿ ಬೆಣ್ಣೆ, ವೆನಿಲಾ ಬೆರೆಸಿ, ಅಗಲ ತಟ್ಟೆಗೆ ಹರವಿ, ಕೆನೆಗಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ಕ್ರೀಮಿನ ಮೈಗೇ ಅಂಟಿಸಿದೆ. ಹಬೆ ಅಡಗಿದ ಕೂಡಲೇ ಫ್ರಿಜ್‌ಗೆ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಕುದಿಗೂ ಜಗ್ಗದ ಬ್ಯಾಕ್ಟೀರಿಯಾದ ಬೀಜಕಗಳಿವೆ, ಹಾಲು ಮೊಟ್ಟೆ ಸಕ್ಕರೆ ಅವಕ್ಕೂ ಹಬ್ಬದೂಟ.

ಹಣ್ಣಿನ ವಿಷಯದಲ್ಲಿ ಒಂದೇ ಎಚ್ಚರಿಕೆ, ಅದೂ ಕತ್ತರಿಯದೇ. ಹಸಿ ಅನಾನಸ್, ಕಿವಿ, ಪಪ್ಪಾಯದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ. ಕ್ರೀಮಿನ ಮೇಲೆ ಹೊತ್ತು ಕಳೆದರೆ ಹಾಲಿನ ಪ್ರೋಟೀನನ್ನು ಕಹಿ ತುಣುಕುಗಳಾಗಿ ಒಡೆಯುತ್ತವೆ, ಹೊಳಪಿಗೆಂದು ಸವರಿದ ಜೆಲಟಿನ್ ಗಟ್ಟಿಯಾಗಲು ಬಿಡುವುದಿಲ್ಲ. ಡಬ್ಬಿಯ ಅನಾನಸ್ ಬೆಂದಿರುವುದರಿಂದ ಅದರಿಂದ ತೊಂದರೆಯಿಲ್ಲ. ಜೆಲಟಿನ್ ಬದಲು ಅಗರ್ ಬಳಸಿದರೂ ಆಯಿತು, ಅದು ಪ್ರೋಟೀನೇ ಅಲ್ಲ. ಸ್ಟ್ರಾಬೆರಿ, ದ್ರಾಕ್ಷಿ, ಮಾವು ಸಾಧು ಹಣ್ಣುಗಳು. ಚಿಪ್ಪು ಮೆತ್ತಗಾಗದಿರಲು ಒಳಮೈಗೆ ಕರಗಿಸಿದ ಚಾಕೊಲೇಟ್ ತೆಳುವಾಗಿ ಬಳಿದು, ತಿನ್ನುವ ಹೊತ್ತಿಗೆ ತುಂಬಿ.

ಬೆಳಿಗ್ಗೆ ತಟ್ಟೆಯ ಕ್ರೀಮು ಬಂಡೆಯಂತೆ ನಿಂತಿತ್ತು. ಟಾರ್ಟ್‌ಗಳಿಗೆ ತುಂಬಿ ಮಿಕ್ಕಿದ್ದನ್ನು ಸಣ್ಣ ಬಟ್ಟಲಿಗೆ ಹಾಕಿ ಮುಚ್ಚಿಟ್ಟೆ. ಸಂಜೆ ಅತ್ತಿಗೆ ಮುಚ್ಚಳ ತೆಗೆದು, "ನೋಡು, ಮತ್ತೆ ನೀರಾಗಿದೆ" ಎಂದು ಬಟ್ಟಲು ನನ್ನ ಮುಂದೆ ಹಿಡಿದರು. ನಿಜಕ್ಕೂ ನೀರಾಗಿತ್ತು. ಟಾರ್ಟಿನೊಳಗಿನದು ಮಾತ್ರ ಗಟ್ಟಿಯಾಗೇ ಇತ್ತು. ಅವರ ಮಗನನ್ನು ಕರೆದು ಕೇಳಿದೆ. ಮಧ್ಯಾಹ್ನದಿಂದ ನಾಲ್ಕು ಸಲ ಚಮಚ ನೆಕ್ಕಿ ಅದೇ ಚಮಚ ಅದ್ದಿದ್ದನಂತೆ. ನಮ್ಮ ಜೊಲ್ಲಿನಲ್ಲೂ ಅದೇ ಆಲ್ಫಾ-ಅಮೈಲೇಸ್ ಧಾರಾಳವಾಗಿದೆ, ಅದನ್ನು ಯಾರೂ ಕುದಿಸಿರುವುದಿಲ್ಲ.

"ಹಾಗಾದ್ರೆ ಇದು ಯಾರ ಕೈಗುಣ?" ಎಂದರು ಅತ್ತಿಗೆ. ಹುಡುಗ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅವನ ತುಟಿಯ ಮೇಲೆ ಕ್ರೀಮು ಇನ್ನೂ ಇತ್ತು.