ಗೇಣಿ ಒಕ್ಕಲಿನಿಂದ ಪಹಣಿಯ ಹೆಸರಿನವರೆಗೆ: ಅಂಕೋಲೆ ಸೀಮೆಯ ಬದಲಾವಣೆಯ ಹಿನ್ನೆಲೆ

ಅಂಕೋಲೆ ಎಂದೊಡನೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಬಾಯಿಗೆ ಮೊದಲು ಬರುವುದು ಉಪ್ಪಿನ ಸತ್ಯಾಗ್ರಹ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿನ ಜನ ಉಪ್ಪಿನ ಕಾನೂನು ಮುರಿದರು. ಮುಂದೆ ಕರನಿರಾಕರಣೆಯಲ್ಲಿ ಅಂಕೋಲೆ ಮತ್ತು ಸಿದ್ದಾಪುರ ತಾಲ್ಲೂಕುಗಳು ತೋರಿದ ಕೆಚ್ಚಿನಿಂದಾಗಿ ಅಂಕೋಲೆಗೆ, ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಿನಲ್ಲಿ, ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂತು. ಈ ಹೆಮ್ಮೆ ಸಲ್ಲತಕ್ಕದ್ದೇ. ಆದರೆ ಕಥೆಯನ್ನು ಇಷ್ಟಕ್ಕೇ ಮುಗಿಸುವುದರಿಂದ ಅದರ ಹೆಚ್ಚು ಮುಖ್ಯವಾದ ಅರ್ಧವನ್ನು ನಾವು ಮರೆಯುತ್ತಿದ್ದೇವೆ ಎಂಬುದು ನನ್ನ ಬಹುದಿನದ ಕೊರಗು.

ಕರ ಕಟ್ಟುವುದಿಲ್ಲ ಎಂದು ಸರ್ಕಾರಕ್ಕೆ ಹೇಳಬೇಕಾದರೆ ಮೊದಲು ಹೆಸರಿನಲ್ಲಿ ಜಮೀನಿರಬೇಕು. ಹಾಗೆ ಹೇಳಿದವರು ಖಾತೆದಾರರು. ಅವರ ಗದ್ದೆಯಲ್ಲಿ ಉಳುಮೆ, ನೆಟ್ಟಿ, ಕೊಯ್ಲು ಮಾಡುತ್ತಿದ್ದವರು ಗೇಣಿ ಒಕ್ಕಲುಗಳು. ಜಮೀನು ಜಪ್ತಿಯಾದಾಗ ಒಡೆಯನ ಜತೆ ಒಕ್ಕಲಿನ ಅನ್ನವೂ ಹೋಯಿತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಪ್ತಿಯಾದ ಜಮೀನುಗಳನ್ನು ಮರಳಿ ಕೊಡುವ ಕೆಲಸ ನಡೆಯಿತು. ಖಾತೆದಾರ ಮತ್ತೆ ಖಾತೆದಾರನಾದ, ಒಕ್ಕಲು ಮತ್ತೆ ಒಕ್ಕಲೇ ಆದ. ಚಳವಳಿಯ ಕಾಲದಲ್ಲಿ ಮೆರವಣಿಗೆ, ಸಭೆ, ಲಾಠಿ, ಸೆರೆಮನೆಗಳನ್ನು ಕಂಡಿದ್ದ ಒಂದು ಇಡೀ ಸೀಮೆಯಲ್ಲಿ ‘ಹಾಗಾದರೆ ನಮ್ಮದೇನು’ ಎಂಬ ಪ್ರಶ್ನೆ ಏಳದೆ ಇರಲು ಸಾಧ್ಯವಿರಲಿಲ್ಲ.

ಗೇಣಿಯಲ್ಲಿ ಎರಡು ಬಗೆಯಿತ್ತು. ಮೂಲಗೇಣಿಯವನಿಗೆ ಜಮೀನಿನ ಮೇಲೆ ಕಾಯಂ ಹಿಡಿತ. ಚಾಲಗೇಣಿಯವನನ್ನು ಒಡೆಯ ಬೇಕೆಂದಾಗ ಬಿಡಿಸಬಹುದು. ಕರಾವಳಿಯ ಬಡ ರೈತರಲ್ಲಿ ಬಹುಪಾಲು ಜನ ಎರಡನೆಯ ಸಾಲಿನವರು. ಇದನ್ನು ಬರೀ ಹಣಕಾಸಿನ ಲೆಕ್ಕವಾಗಿ ನೋಡಬಾರದು. ಮನೆ ನಿಂತ ಜಾಗ ಒಡೆಯನದು, ಹಿತ್ತಲಿನ ತೆಂಗಿನ ಮರವೂ ಒಡೆಯನದು ಎಂದಾದ ಮೇಲೆ ಊರಿನ ಪಂಚಾಯಿತಿಯಲ್ಲಿ ಎದ್ದು ನಿಂತು ಮಾತನಾಡುವುದು ಹೇಗೆ? ಮಗನನ್ನು ಶಾಲೆಗೆ ಕಳಿಸುವುದಕ್ಕೂ ಒಡೆಯನ ಮನೆಯ ದನ ಕಾಯುವವರು ಯಾರು ಎಂಬ ಮಾತು ಅಡ್ಡ ಬರುತ್ತಿತ್ತು. ತಲೆತಗ್ಗಿಸಿ ನಿಲ್ಲುವುದನ್ನು ನಾವು ಸ್ವಭಾವವೆಂದು ಕರೆಯುತ್ತೇವೆ. ಆ ಸ್ವಭಾವವನ್ನು ಬೆಳೆಸಿದ್ದು ಕಾಲ ಕೆಳಗಿನ ನೆಲ.

ಇದನ್ನು ಸರಿಯಾಗಿ ಅರಿತವರು ದಿನಕರ ದೇಸಾಯಿ. ನಾಡಿಗೆಲ್ಲ ಅವರು ಚುಟುಕಗಳ ಕವಿ. ಅಂಕೋಲೆಯ ರೈತನ ಮನೆಯಲ್ಲಿ ಅವರ ನೆನಪು ಬೇರೆಯದೇ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಸೇರಿದ ಅವರು ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆ ನೋಡಿಕೊಂಡವರು. ಕೂಲಿ ಮಾಡುವವರು ಒಟ್ಟಾದರೆ ಏನಾಗುತ್ತದೆ ಎಂಬುದನ್ನು ಅಲ್ಲಿ ಕಂಡು, ಆ ಅನುಭವವನ್ನು ಊರಿನ ಗೇಣಿದಾರರ ನಡುವೆ ತಂದರು. ರೈತ ಚಳವಳಿ ಬಿಸಿಯೇರಿದಾಗ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಮರಳಿ ಬಂದವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯತೊಡಗಿದರು. 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ಆರಂಭವಾಯಿತು. ಮರುವರ್ಷ ಅವರು ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು. ಭೂಮಿಯ ಹೋರಾಟ ಮತ್ತು ಶಾಲೆ ಎರಡನ್ನೂ ಒಂದೇ ಕೆಲಸವೆಂದು ಹಿಡಿದದ್ದು ಅವರ ದೊಡ್ಡತನ ಎಂದು ನಾನು ನಂಬಿದ್ದೇನೆ. ಆದರೆ ಅವರಂಥವರು ಬರುವ ಮೊದಲೇ ಕರನಿರಾಕರಣೆಯ ದಶಕ ಈ ಜನರ ಭಯವನ್ನು ಅರ್ಧ ಕಳೆದಿತ್ತು ಎಂಬುದನ್ನೂ ಸೇರಿಸಬೇಕು.

ಕಾನೂನು ತಡವಾಗಿ ಬಂತು. 1961ರ ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965ರಲ್ಲಿ, ಅದರಿಂದ ಆದದ್ದು ಅಷ್ಟಕ್ಕಷ್ಟೆ. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆಯೇ ನಿಜವಾದ ಬದಲಾವಣೆ. ಗೇಣಿ ಪದ್ಧತಿ ರದ್ದಾಯಿತು, ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವನು ಅದನ್ನು ತನ್ನ ಹೆಸರಿಗೆ ಕೇಳಿ ಅರ್ಜಿ ಹಾಕಬೇಕು. ಆ ಅರ್ಜಿಯೇ ಫಾರಂ ನಂಬರ್ 7. ಗಡುವು ಮತ್ತೆ ಮತ್ತೆ ಮುಂದೆ ಹೋಗಿ 1979ರ ಜೂನ್ 30ರವರೆಗೂ ಅರ್ಜಿಗೆ ಅವಕಾಶವಿತ್ತು.

ಆ ಅರ್ಜಿಗಳನ್ನು ಕೇಳಿದ ಭೂ ನ್ಯಾಯಮಂಡಳಿಯ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಆಗ ಅಲ್ಲಿ ಪ್ರವೇಶವಿರಲಿಲ್ಲ. ಒಕ್ಕಲು ತಾನೇ ಬಾಯಿಬಿಡಬೇಕು. ಒಡೆಯ ಗೇಣಿ ಭತ್ತ ಅಳೆಸಿಕೊಂಡು ರಸೀದಿ ಕೊಡುವ ರೂಢಿ ಎಲ್ಲಿತ್ತು? ಕಾಗದವಿಲ್ಲದವನಿಗೆ ಉಳಿದ ಆಧಾರ ಪಕ್ಕದ ಗದ್ದೆಯವನು. ‘ಈ ಗದ್ದೆಯನ್ನು ಇವನ ಅಪ್ಪನೂ ಉಳುತ್ತಿದ್ದ, ಈಗ ಇವನು ಉಳುತ್ತಿದ್ದಾನೆ’ ಎಂದು ಅವನು ಬಂದು ಹೇಳಬೇಕು. ಹೇಳುವವನೂ ಬಹುಶಃ ಅದೇ ಒಡೆಯನ ಒಕ್ಕಲು. ಒಬ್ಬನ ಧೈರ್ಯ ಇನ್ನೊಬ್ಬನ ಧೈರ್ಯವನ್ನು ಆಧರಿಸಿತ್ತು. ರೈತರು ಮೊದಲೇ ಸಂಘಟಿತರಾಗಿದ್ದ ಊರಿಗೆ ಇಲ್ಲಿ ಅನುಕೂಲ ಹೆಚ್ಚು. ಒಂಟಿ ಒಕ್ಕಲು ಒಡೆಯನ ದಾಕ್ಷಿಣ್ಯಕ್ಕೆ ಸಿಕ್ಕಿ ಅರ್ಜಿ ಹಾಕದೆಯೂ ಉಳಿಯಬಹುದಿತ್ತು. ರಾಜ್ಯದಲ್ಲಿ ಈ ಕಾಯ್ದೆ ಹೆಚ್ಚು ಫಲ ಕೊಟ್ಟದ್ದು ಕರಾವಳಿ ಜಿಲ್ಲೆಗಳಲ್ಲಿ ಮತ್ತು ಗೇಣಿದಾರರ ಕಾಗೋಡು ಸತ್ಯಾಗ್ರಹ ಕಂಡ ಶಿವಮೊಗ್ಗ ಕಡೆಯಲ್ಲಿ ಎಂಬುದು ಆಕಸ್ಮಿಕವಲ್ಲ.

ಆದರೂ ಎಲ್ಲರಿಗೂ ಸಿಗಲಿಲ್ಲ. ಪಹಣಿಯಲ್ಲಿ ಬಂದ ಹೆಸರು ಬಹುತೇಕ ಮನೆಯ ಗಂಡಸಿನದು. ನೆಟ್ಟಿ ಮಾಡಿದವಳ ಹೆಸರು ಅಪರೂಪ. ಒಂದು ದಶಕ ಕಳೆಯುತ್ತಲೇ, 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಗಿ, ಕಾರವಾರ ಮತ್ತು ಅಂಕೋಲೆಯ ಅಂಚಿನ ಊರುಗಳು ಇದ್ದ ನೆಲವನ್ನೂ ಬಿಟ್ಟು ಏಳಬೇಕಾಯಿತು.

ಗೇಣಿಯೂ ಇಲ್ಲದೆ ಕೂಲಿ ಮತ್ತು ಕಾಡನ್ನು ನಂಬಿದವರ ಪೈಕಿ ಹಾಲಕ್ಕಿ ಒಕ್ಕಲಿಗರು ದೊಡ್ಡ ಸಂಖ್ಯೆಯಲ್ಲಿದ್ದರು. ಊರಗೌಡ, ಬುದವಂತ, ಕೋಲಕಾರ ಎಂಬ ಮುಖಂಡರಿರುವ ತಮ್ಮದೇ ಕಟ್ಟುಪಾಡು, ಸುಗ್ಗಿ ಕುಣಿತ, ಗುಮಟೆ ವಾದ್ಯ, ಕೊರಳ ತುಂಬ ಮಣಿಸರ ಇರುವ ಸಮುದಾಯ ಇದು. ಕಾಗದ ಕೊಡದ ದನಿಯನ್ನು ಇಲ್ಲಿನ ಹೆಂಗಸರು ಬೇರೆ ದಾರಿಯಲ್ಲಿ ಪಡೆದರು. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಹಾಡು ಬಂದದ್ದು ತಾಯಿಯ ಬಾಯಿಂದ, ಸಾರಾಯಿಯ ಮೇಲಿನ ಸಿಟ್ಟು ಬಂದದ್ದು ಕೇರಿಯ ಮನೆಗಳು ಹಾಳಾಗುವುದನ್ನು ಕಂಡು. ಹಾಡುತ್ತಿದ್ದ ಹೆಂಗಸರ ಗುಂಪೇ ಸಾರಾಯಿ ಅಂಗಡಿಯ ಮುಂದೆ ಕೂರುವ ಗುಂಪಾಯಿತು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸಸಿ ಬೆಳೆಸುತ್ತಲೇ ಕಾಡಿನ ತಿಳಿವಳಿಕೆಗೆ ಹೆಸರಾದರು. ಇಬ್ಬರಿಗೂ ಪದ್ಮಶ್ರೀ ಬಂತು. ಇಬ್ಬರೂ ಅದನ್ನು ಹಾಲಕ್ಕಿ ಉಡುಗೆಯಲ್ಲೇ ಸ್ವೀಕರಿಸಿದರು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಿಯವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಹೊರಗೆ ಇಷ್ಟು ಗೌರವ ಸಿಕ್ಕ ಈ ಗುರುತಿಗೆ ಕಾನೂನಿನಲ್ಲಿ ಬೆಲೆ ಏನು? ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ದಶಕಗಳಿಂದ ಹಾಗೆಯೇ ಬಿದ್ದಿದೆ. ಜಿಲ್ಲೆಯ, ಆಫ್ರಿಕಾ ಮೂಲದ ಸಿದ್ದಿಗಳಿಗೆ 2003ರಲ್ಲಿ ಆ ಮಾನ್ಯತೆ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಇದರ ಪೆಟ್ಟು ನೇರವಾಗಿ ನೆಲಕ್ಕೇ ಬೀಳುತ್ತದೆ. ಜಿಲ್ಲೆಯ ಬಹುಪಾಲು ಭೂಮಿ ದಾಖಲೆಯಲ್ಲಿ ಅರಣ್ಯ. ಅದರಲ್ಲಿ ಮನೆ, ಗದ್ದೆ ಮಾಡಿಕೊಂಡವರನ್ನು ಇಲಾಖೆಯ ಕಡತ ಅತಿಕ್ರಮಣದಾರರು ಎಂದು ಕರೆಯುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ಇದ್ದದ್ದು ತೋರಿಸಿದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಓದುಬರಹವೇ ಇಲ್ಲದಿದ್ದ ಅಜ್ಜನ ಕಾಲದ ಕಾಗದವನ್ನು ಮೊಮ್ಮಗ ಎಲ್ಲಿಂದ ತರಬೇಕು? ಅರ್ಜಿಗಳು ತಿರಸ್ಕೃತವಾಗಲು ಈ ಸಾಕ್ಷ್ಯದ ಕೊರತೆಯೇ ಮುಖ್ಯ ಕಾರಣ.

ಅರಣ್ಯ ಹಕ್ಕು ಕಾಯ್ದೆ ಒಂದು ವಿಷಯದಲ್ಲಿ 1974ರ ತಿದ್ದುಪಡಿಗಿಂತ ಮುಂದಿದೆ: ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು ಎನ್ನುತ್ತದೆ. ಸಾಕ್ಷ್ಯವಾಗಿ ಊರಿನ ಹಿರಿಯರ ಲಿಖಿತ ಹೇಳಿಕೆಯನ್ನು ಒಪ್ಪಲು ಅದರ ನಿಯಮಗಳಲ್ಲೇ ಅವಕಾಶವಿದೆ. ಐವತ್ತು ವರ್ಷದ ಹಿಂದೆ ನೆರೆಯವನ ಬಾಯಿಮಾತನ್ನು ನಂಬಿ ಗದ್ದೆಯ ಹಕ್ಕು ಕೊಟ್ಟ ಸರ್ಕಾರಿ ವ್ಯವಸ್ಥೆ, ಇಂದು ಅರಣ್ಯ ಹಕ್ಕು ಸಮಿತಿಯ ಮುಂದೆ ಅಜ್ಜಿಯೊಬ್ಬಳು ಹೇಳಿ ಬರೆಸಿದ ಮಾತನ್ನು ಕಡತಕ್ಕೆ ಸೇರಿಸಿಕೊಂಡು ತೂಗಿ ನೋಡಲು ಹಿಂಜರಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ. ತಿರಸ್ಕೃತ ಅರ್ಜಿಗಳ ಮರುಪರಿಶೀಲನೆ ಈ ಹೇಳಿಕೆಗಳಿಂದಲೇ ಶುರುವಾಗಬೇಕು, ಅದೂ ಆ ಹಿರಿಯರು ಬದುಕಿರುವಾಗಲೇ.